ಒಂದೇ ಸಲ ಒತ್ತಿದ ಭರಮಪ್ಪ

ಪೀಣ್ಯದಲ್ಲಿ ಮಿಷಿನ್ ನಡೆಸುವವರನ್ನು ಯಾರನ್ನು ಬೇಕಾದರೂ ಕೇಳಿ ನೋಡಿ, ಕಬ್ಬಿಣ ಕೊರೆಯುವ ಟೂಲು ಕೆಳಗಿಳಿಯುವಾಗ ಕಣ್ಣು ಮಿಟುಕಿಸಬಾರದು, ಮೇಲೇಳುವಾಗ ಬೇಕಾದರೆ ಟೀ ಕುಡಿಯಬಹುದು ಅನ್ನುತ್ತಾರೆ. ಇಳಿಯುವ ಟೂಲು ಕಬ್ಬಿಣಕ್ಕೆ ಗುದ್ದೀತು. ಏರುವ ಟೂಲಿಗೆ ಮೇಲೆ ಗಾಳಿಯ ಹೊರತು ಇನ್ನೇನಿದೆ? ಭರಮಪ್ಪನೂ ಹಾಗೇ ತಿಳಿದಿದ್ದ. ಅವನ ಟೂಲು ಗುದ್ದಿದ್ದು ಮೇಲೇಳುವಾಗ. ಆ ಮಾತನ್ನು ಯಾರೂ ನಂಬಲಿಲ್ಲ, ಎಲ್ಲರಿಗಿಂತ ಮೊದಲು ನಂಬದೆ ಹೋದವಳು ಮಂಜುಶ್ರೀ.

ಮಂಜುಶ್ರೀ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಅಪ್ಪ ದೇವರಾಜ್ ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮಗಳು ಕಂಪ್ಯೂಟರ್ ಸೈನ್ಸ್ ಓದಿದಳು. ಜೊತೆಯಲ್ಲಿ ಓದಿದವರೆಲ್ಲ ಕೊರಳಿಗೆ ಬಿಲ್ಲೆ ನೇತುಹಾಕಿಕೊಂಡು ವೈಟ್‌ಫೀಲ್ಡಿಗೆ ಹೋದರೆ, ಇವಳು ಪೀಣ್ಯ ಎರಡನೇ ಹಂತದಲ್ಲಿ ವಿಶ್ವನಾಥ್ ಎಂಬುವರ ಶೆಡ್ಡಿಗೆ ಸೇರಿದಳು. ಅಲ್ಲಿ ಪಂಪಿನ ಭಾಗಗಳನ್ನು ಕೊರೆದುಕೊಡುತ್ತಾರೆ. ಕಂಪ್ಯೂಟರ್ ಓದಿದವಳು ಎಣ್ಣೆ ವಾಸನೆಯಲ್ಲಿ ಕೂರುವುದೇ ಎಂದು ನೆಂಟರು ಮೂಗು ಮುರಿದರು. ಮುರಿಯಲಿ ಬಿಡಿ, ಅವರ ಮೂಗು. ಮಂಜುಶ್ರೀಗೆ ಮಾತ್ರ ಆ ಕೆಲಸ ನಿಜವಾಗಿಯೂ ಇಷ್ಟವಾಗಿತ್ತು. ಮೇಲೆ ಗಾಜಿನ ಕೋಣೆಯಲ್ಲಿ ಕೂತು ಒಂದು ಸಾಲು ಬರೆದರೆ ಕೆಳಗೆ ಅದೇ ಅಳತೆಗೆ ಕಬ್ಬಿಣ ಕೊರೆದುಕೊಳ್ಳುತ್ತಿತ್ತು. ಬರೆದದ್ದು ಹೀಗೆ ಕೈಗೆ ಸಿಗುವ ವಸ್ತುವಾಗುವುದು ವೈಟ್‌ಫೀಲ್ಡಿನಲ್ಲಿ ಎಷ್ಟು ಜನಕ್ಕೆ ಸಿಕ್ಕಿದೆ ಎಂದು ಅವಳು ಅಪ್ಪನ ಮುಂದೆ ಜಂಬ ಕೊಚ್ಚಿಕೊಳ್ಳುವುದೂ ಇತ್ತು.

ಆ ಸಾಲುಗಳನ್ನು ಮಿಷಿನ್ನಿನಲ್ಲಿ ನಡೆಸುತ್ತಿದ್ದವನು ಭರಮಪ್ಪ. ಕುಷ್ಟಗಿ ಕಡೆಯವನು. ಮೊದಲು ಬೆಂಗಳೂರಿಗೆ ಬಂದಿದ್ದು ಸೆಂಟ್ರಿಂಗ್ ಕೆಲಸಕ್ಕೆ. ಆಮೇಲೆ ಇದೇ ಶೆಡ್ಡಿನಲ್ಲಿ ಕಬ್ಬಿಣದ ಚೂರು ಗುಡಿಸಲು ಸೇರಿ, ಗುಡಿಸುತ್ತಲೇ ನೋಡಿ ನೋಡಿ ಮಿಷಿನ್ ಕಲಿತು, ಕೊನೆಗೆ ಅಲ್ಲಿದ್ದ ದೊಡ್ಡ ಮಿಷಿನ್ನಿನ ಆಪರೇಟರ್ ಆದ. ಅದು ಅವನ ಬಾಳಿನ ದೊಡ್ಡ ಬಡ್ತಿ. ಊರಿಗೆ ಹೋದಾಗ ಯಾರಾದರೂ ಬೆಂಗಳೂರಿನಲ್ಲಿ ಏನು ಕೆಲಸ ಎಂದರೆ ಅವನ ಹೆಂಡತಿ ದುರ್ಗವ್ವ ಗಂಡನಿಗೆ ಬಾಯಿ ತೆರೆಯಲು ಬಿಡದೆ ತಾನೇ ಹೇಳುತ್ತಿದ್ದಳಂತೆ, "ಮಿಷಿನ್ ಅವ್ರ ಮಾತು ಕೇಳತೈತ್ರಿ" ಅಂತ.

ಇನ್ನು ಆ ದಿನದ ಸಂಗತಿ. ಗಿರಾಕಿಯೊಬ್ಬರು ತಮ್ಮ ಕೆಲಸಕ್ಕೆ ಹೊಸ ಹಿಡಿಕೆಗಳನ್ನು ಕಳಿಸಿದ್ದರು. ಕೆಲಸದ ತುಂಡನ್ನು ಅಲುಗದಂತೆ ಕಚ್ಚಿ ಹಿಡಿಯುವ ಉಕ್ಕಿನ ಹಿಡಿಕೆಗಳು, ಹಳೆಯವಕ್ಕಿಂತ ಎತ್ತರ. ಹಿಡಿಕೆ ಎತ್ತರವಾದರೆ ಟೂಲು ಒಂದು ತೂತು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಇನ್ನೂ ಮೇಲಕ್ಕೆ ಎದ್ದು ದಾಟಬೇಕು. ಅಂದರೆ ಆ ಕೆಲಸದ ಪ್ರೋಗ್ರಾಂಗಳಲ್ಲೆಲ್ಲ "ಮೇಲೇಳು" ಎನ್ನುವ ಸಾಲುಗಳನ್ನು ಹುಡುಕಿ ಹುಡುಕಿ ಎತ್ತರ ಬದಲಿಸಬೇಕು. ಕೈಯಲ್ಲಿ ಮಾಡಿದರೆ ಒಂದೆರಡು ಬಿಟ್ಟುಹೋದಾವು. ಮಂಜುಶ್ರೀ ಕಂಪ್ಯೂಟರ್ ಓದಿದವಳಲ್ಲವೇ, ಒಂದೇ ಒಂದು ಆಜ್ಞೆ ಬರೆದಳು: "ಮೇಲೇಳು" ಎಂದು ಶುರುವಾಗುವ ಸಾಲು ಎಲ್ಲೇ ಕಂಡರೂ ಕೊನೆಯವರೆಗೆ ಅಳಿಸಿ, ಹೊಸ ಎತ್ತರದ ಸಾಲು ಬರೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಎಲ್ಲ ಪ್ರೋಗ್ರಾಂಗಳೂ ಬದಲಾದವು. ಅವಳು ಒಂದೊಂದನ್ನೂ ತೆರೆದು ಓದಿದಳು ಕೂಡ. ಒಂದು ಸಾಲಿನಲ್ಲಿ ಮೇಲೇಳು, ಮುಂದಿನ ಸಾಲಿನಲ್ಲಿ ಪಕ್ಕಕ್ಕೆ ಹೋಗು. ಎಲ್ಲ ಸರಿಯಾಗಿತ್ತು. ಅವಸರ ಮಾಡಿದಳು ಎಂದು ಅವಳನ್ನು ಬೈಯುವ ಹಾಗೂ ಇಲ್ಲ.

ತಿದ್ದಿದ ಪ್ರೋಗ್ರಾಂ ಬಂದರೆ ಮೊದಲ ತುಂಡನ್ನು ಒಂದೊಂದೇ ಸಾಲಾಗಿ ನಡೆಸಬೇಕು ಎನ್ನುವುದು ಆ ಶೆಡ್ಡಿನ ಕಟ್ಟುನಿಟ್ಟು. ಮಿಷಿನ್ನಿನಲ್ಲಿ ಅದಕ್ಕೊಂದು ಏರ್ಪಾಡಿದೆ. ಹಸಿರು ಗುಂಡಿ ಒಂದು ಸಲ ಒತ್ತಿದರೆ ಒಂದು ಸಾಲು ನಡೆದು ಮಿಷಿನ್ ನಿಲ್ಲುತ್ತದೆ. ಮತ್ತೆ ಒತ್ತಿದರೆ ಮುಂದಿನ ಸಾಲು. ಭರಮಪ್ಪ ಹಾಗೇ ಮಾಡಿದ. ಇಳಿಯುವಾಗ ವೇಗದ ತಿರುಪನ್ನು ಕಾಲು ಭಾಗಕ್ಕೆ ಇಳಿಸಿಕೊಂಡು, ಉಸಿರು ಹಿಡಿದು ಇಳಿಸಿದ. ಮೊದಲ ತೂತು ಚೆನ್ನಾಗಿ ಬಿತ್ತು. ಇನ್ನು ಮೇಲೇಳುವ ಸಾಲು. ಎಲ್ಲರೂ ಮಾಡುವಂತೆ ವೇಗವನ್ನು ಪೂರ್ತಿ ಬಿಟ್ಟು, ಹಸಿರು ಗುಂಡಿ ಒತ್ತಿದ.

ಶೆಡ್ಡೇ ಅದುರುವಂಥ ಸದ್ದಾಯಿತು. ಮಂಜುಶ್ರೀ ಮೆಟ್ಟಿಲಿಳಿದು ಓಡಿಬಂದಾಗ ಟೂಲು ಮುರಿದು, ಹಿಡಿಕೆ ಓರೆಯಾಗಿ, ಟೂಲು ತಿರುಗಿಸುವ ಸ್ಪಿಂಡಲ್ಲು ಎಂಬ ಮಿಷಿನ್ನಿನ ಜೀವಾಳ ನರಳುತ್ತಿತ್ತು. ಭರಮಪ್ಪನ ಅಂಗೈ ಇನ್ನೂ ಮಿಷಿನ್ ನಿಲ್ಲಿಸುವ ಕೆಂಪು ಗುಂಡಿಯ ಮೇಲೇ ಇತ್ತು. ಯಾರೋ ಓಡಿಹೋಗಿ ಮೈನ್ ಆಫ್ ಮಾಡಿದರು. ಹಳೇ ಮಿಷಿನ್ನು, ನೆನಪು ಚಿಕ್ಕದು, ಪ್ರೋಗ್ರಾಂ ಅದರೊಳಗೆ ಉಳಿಯುವುದಿಲ್ಲ. ಪಕ್ಕದ ಕಂಪ್ಯೂಟರಿನಿಂದ ತಂತಿಯಲ್ಲಿ ಸಾಲು ಸಾಲಾಗಿ ಹರಿದು ಬರುತ್ತದೆ. ಮೈನ್ ಆಫ್ ಆದ ಕೂಡಲೇ ಮಿಷಿನ್ನಿನ ಪರದೆಯ ಮೇಲಿದ್ದದ್ದೂ ಅಳಿಸಿಹೋಯಿತು.

"ನಾ ಒಂದ ಸಲ ಒತ್ತೀನ್ರಿ," ಎಂದ ಭರಮಪ್ಪ. "ಮ್ಯಾಲ ಏಳಾಕತ್ತಿತ್ರಿ, ಏಳಕೋಂತನ ಅಡ್ಡ ಹೊಂಟುಬಿಡ್ತು."

"ಏಳ್ತಾ ಏಳ್ತಾ ಅಡ್ಡ ಹೇಗಪ್ಪಾ ಹೋಗತ್ತೆ?" ಎಂದರು ವಿಶ್ವನಾಥ್. ಅವರೂ ಮಿಷಿನ್ ನಡೆಸಿಯೇ ಮೇಲೆ ಬಂದವರು. "ಸಿಂಗಲ್ ಬ್ಲಾಕಲ್ಲಿ ಒಂದು ಸಲ ಒತ್ತಿದ್ರೆ ಒಂದೇ ಸಾಲು. ಮೇಲೆ ಹೋಗಿ ನಿಂತ್ಕೋಬೇಕು."

"ನಿಂದ್ರಲಿಲ್ರಿ."

"ಎರಡು ಸಲ ಒತ್ತಿರ್ತೀಯ ಕಣಯ್ಯ. ಕೈ ಜಾರಿರತ್ತೆ."

"ಇಲ್ರಿ ಸಾಹೇಬ್ರ."

ಇಲ್ಲಿ ಮಂಜುಶ್ರೀ ಒಂದು ಕೆಲಸ ಮಾಡಿದಳು. ಮಾಡಬಾರದಿತ್ತು ಎಂದು ಈಗ ಹೇಳುವುದು ಸುಲಭ, ಆಗ ಯಾರಾದರೂ ಅದನ್ನೇ ಮಾಡುತ್ತಿದ್ದರು. ಭರಮಪ್ಪನನ್ನು ತನ್ನ ಗಾಜಿನ ಕೋಣೆಗೆ ಕರೆದುಕೊಂಡು ಹೋಗಿ, ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. "ನೋಡಣ್ಣ, ಇದು ಮೇಲೇಳೋ ಸಾಲು. ಇಲ್ಲಿ ಮುಗೀತು. ಅಡ್ಡ ಹೋಗೋದು ಕೆಳಗಿನ ಸಾಲಲ್ಲಿದೆ. ಬೇರೆ ಸಾಲು ಅದು. ಒಂದೇ ಸಲ ಒತ್ತಿದ್ರೆ ಎರಡೂ ಹೇಗಣ್ಣ ನಡೆಯತ್ತೆ? ನೀವೇ ಹೇಳಿ."

ಭರಮಪ್ಪ ಬಗ್ಗಿ ನೋಡಿದ. ಎರಡು ಸಾಲು, ಒಂದರ ಕೆಳಗೊಂದು ಎದ್ದು ಕಾಣುತ್ತಿತ್ತು. ತನ್ನ ಹೆಬ್ಬೆರಳನ್ನು ನೋಡಿಕೊಂಡ. ಮತ್ತೆ ಪರದೆ ನೋಡಿದ. ಮೇಡಂ ಜಗಳಕ್ಕೆ ಹೇಳುತ್ತಿಲ್ಲ, ದಬಾಯಿಸುತ್ತಿಲ್ಲ, ತಂಗಿಯ ಹಾಗೆ ಮೆತ್ತಗೆ ಹೇಳುತ್ತಿದ್ದಾಳೆ. ಬೈದಿದ್ದರೆ ಅವನು ಎದುರು ನಿಲ್ಲುತ್ತಿದ್ದನೋ ಏನೋ. ಕೊನೆಗೆ, "ಹಂಗಾರ ಎರಡ ಸಲ ಒತ್ತಿರ್ಬೇಕ್ರಿ," ಎಂದ.

ಅಲ್ಲಿಗೆ ಮುಗಿಯಿತು. ವಿಮೆಯವರು ಬಂದು ಕೇಳಿದಾಗಲೂ ಅದನ್ನೇ ಹೇಳಿದ. ಅವರು ಅದನ್ನೇ ಬರೆದುಕೊಂಡು ಹೋಗಿ ದುಡ್ಡು ಕೊಟ್ಟರು. ಹೊಸ ಸ್ಪಿಂಡಲ್ಲು ಬರಲು ತಿಂಗಳುಗಳೇ ಬೇಕು, ಅಷ್ಟು ಕಾಲ ಆ ಮಿಷಿನ್ನಿನ ಆಪರೇಟರ್ ಯಾಕೆ ಎಂದು ವಿಶ್ವನಾಥ್, ಕಾಗದದಲ್ಲಿ ಅಜಾಗರೂಕತೆ ಎಂದು ಬರೆದು, ಅವನನ್ನು ಬಿಡಿಸಿದರು. ಬೈಯಲಿಲ್ಲ, ಕೂಗಾಡಲಿಲ್ಲ. ಪೀಣ್ಯದಲ್ಲಿ ಇಂಥ ಸುದ್ದಿ ಟೀ ಅಂಗಡಿಯಿಂದ ಟೀ ಅಂಗಡಿಗೆ ಹೋಗುತ್ತದೆ. ಸ್ಪಿಂಡಲ್ ಒಡೆದವನು ಎಂಬ ಹೆಸರು ಬಿದ್ದ ಮೇಲೆ ಯಾವ ಶೆಡ್ಡಿನವರೂ ಅವನ ಕೈಗೆ ಮಿಷಿನ್ ಕೊಡಲಿಲ್ಲ. ದುರ್ಗವ್ವನ ತಮ್ಮ ಚಂದಾಪುರದಲ್ಲಿದ್ದ. ಅಲ್ಲಿ ಬಾಡಿಗೆ ಕಡಿಮೆ ಎಂದು ಗಂಡ ಹೆಂಡತಿ ಪಾತ್ರೆ ಪಗಡ ಕಟ್ಟಿಕೊಂಡು ಅತ್ತ ಹೋದರು. ಹೊರಡುವ ದಿನ ಭರಮಪ್ಪ ಶೆಡ್ಡಿಗೆ ಬಂದು ಮಂಜುಶ್ರೀಗೆ ಕೈಮುಗಿದು, "ನಿಮ್ಮ ಪ್ರೋಗ್ರಾಂ ಕೆಡಿಸಿಬಿಟ್ಟೆ ಮ್ಯಾಡಮ್ಮಾರ, ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ," ಎಂದು ಹೇಳಿ ಹೋಗಿದ್ದ. ಅವಳೂ ದೊಡ್ಡ ಮನಸ್ಸು ಮಾಡಿದವಳ ಹಾಗೆ, "ಪರವಾಗಿಲ್ಲ ಬಿಡಣ್ಣ," ಎಂದಿದ್ದಳು.

ಆ "ಪರವಾಗಿಲ್ಲ ಬಿಡಣ್ಣ" ಆಮೇಲೆ ಅವಳನ್ನು ತಿಂದುಹಾಕಿತು.

ಹೊಸ ಸ್ಪಿಂಡಲ್ಲು ಬಂದು ಮಿಷಿನ್ ಎದ್ದು ನಿಂತಿತು. ಎತ್ತರದ ಹಿಡಿಕೆಯ ಕೆಲಸವನ್ನು ಅಲ್ಲಿಯವರೆಗೆ ಬೇರೆಯವರಿಗೆ ಕೊಟ್ಟಿದ್ದರು, ಅದೂ ವಾಪಸು ಬಂತು. ಇನ್ನು ಮುಂದೆ ಪ್ರೋಗ್ರಾಂನಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬುದಕ್ಕೆ ದಾಖಲೆ ಇರಲಿ ಎಂದರು ವಿಶ್ವನಾಥ್. ಮಂಜುಶ್ರೀ ಅದಕ್ಕೆಂದು ಸಾಫ್ಟ್‌ವೇರಿನವರು ಬಳಸುವ ಒಂದು ಉಪಕರಣ ಹಾಕಿ, ಹಳೆಯ ಪ್ರೋಗ್ರಾಂಗಳನ್ನೆಲ್ಲ ಅದರೊಳಗೆ ಸೇರಿಸತೊಡಗಿದಳು. ಅದು ಒಂದು ಎಚ್ಚರಿಕೆ ಕೊಟ್ಟಿತು: ಈ ಕಡತದಲ್ಲಿ ಎಲ್ಲ ಸಾಲುಗಳೂ ಒಂದೇ ಥರ ಮುಗಿಯುತ್ತಿಲ್ಲ, ಸರಿಪಡಿಸಲೇ?

ಈ ಎಚ್ಚರಿಕೆಯನ್ನು ಕಾಣದ ಪ್ರೋಗ್ರಾಮರ್ ಇಲ್ಲ, ಅದನ್ನು ಓದಿದ ಪ್ರೋಗ್ರಾಮರ್ ಅಪರೂಪ. ಎಲ್ಲರೂ ಸರಿ ಸರಿ ಎಂದು ಮುಂದೆ ಹೋಗುತ್ತಾರೆ. ಮಂಜುಶ್ರೀಯೂ ಕಾಲೇಜಿನಿಂದ ಹಾಗೇ ಮಾಡಿಕೊಂಡು ಬಂದವಳು. ಅವತ್ತು ಯಾಕೋ ಬೆರಳು ನಿಂತಿತು. ಬೇರೆ ಥರ ಮುಗಿಯುವ ಸಾಲುಗಳು ಯಾವುವು, ತೋರಿಸು ಎಂದು ಕೇಳಿದಳು. ತೋರಿಸಿತು. ಅಷ್ಟೂ "ಮೇಲೇಳು" ಸಾಲುಗಳು.

ವಿಷಯ ಇಷ್ಟೇ. ಸಾಲು ಮುಗಿಸಿ ಕೆಳಗೆ ಹೋಗಲು ನಾವು ಒಂದು ಕೀಲಿ ಒತ್ತುತ್ತೇವಲ್ಲ, ಅಲ್ಲಿ ಕಂಪ್ಯೂಟರು ಕಣ್ಣಿಗೆ ಕಾಣದ ಗುರುತು ಹಾಕುತ್ತದೆ. ಹಳೆಯ ಟೈಪ್‌ರೈಟರಿನಲ್ಲಿ ಸಾಲು ಮುಗಿದರೆ ಎರಡು ಕೆಲಸ ಇರುತ್ತಿತ್ತು, ಕಾಗದ ಹಿಡಿದ ಗಾಡಿಯನ್ನು ತಳ್ಳಿ ಸಾಲಿನ ಶುರುವಿಗೆ ತರುವುದು, ಕಾಗದವನ್ನು ಒಂದು ಸಾಲು ಸರಿಸುವುದು. ವಿಂಡೋಸ್ ಕಂಪ್ಯೂಟರು ಇವತ್ತಿಗೂ ಎರಡಕ್ಕೂ ಒಂದೊಂದು ಗುರುತು ಹಾಕುತ್ತದೆ. ಲಿನಕ್ಸ್ ಕಂಪ್ಯೂಟರಿಗೆ ಎರಡನೆಯದೊಂದೇ ಸಾಕು. ಯಾಕೆ ಹೀಗೆ ಎಂದರೆ, ದೊಡ್ಡವರು ಎಂದೋ ಒಮ್ಮತಕ್ಕೆ ಬರಲಿಲ್ಲ, ಅಷ್ಟೇ. ಶೆಡ್ಡಿನ ಹಳೇ ಮಿಷಿನ್ನಿಗೆ ಎರಡು ಗುರುತು ಕಂಡರೆ ನಡುವೆ ಒಂದು ಖಾಲಿ ಸಾಲು ಹುಟ್ಟಿ ಕಿರಿಕಿರಿಯಾಗುತ್ತಿತ್ತು. ಮಂಜುಶ್ರೀಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಚಿರಂಜೀವಿ ಎಂಬಾತ, ಮಿಷಿನ್ನಿಗೆ ಕಳಿಸುವಾಗ ಎರಡನೆಯ ಗುರುತನ್ನು ಕಿತ್ತುಹಾಕುವಂತೆ ಏರ್ಪಾಡು ಮಾಡಿ, ಯಾರಿಗೂ ಹೇಳದೆ ಹೊಸೂರಿಗೆ ಕೆಲಸಕ್ಕೆ ಹೋಗಿದ್ದ. ಮೊದಲನೆಯದು ಉಳಿಯುತ್ತಿತ್ತು, ಕೆಲಸ ನಡೆಯುತ್ತಿತ್ತು. ಆ ಅವಘಡಕ್ಕೆ ಸ್ವಲ್ಪ ಮೊದಲು ಪೆನ್‌ಡ್ರೈವ್ ವೈರಸ್ಸಿನ ಕಾಟ ತಾಳಲಾರದೆ ವಿಶ್ವನಾಥ್ ಮೇಲಿನ ಕೋಣೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿದ್ದರು, ಪ್ರೋಗ್ರಾಂಗಳು ಮಾತ್ರ ವಿಂಡೋಸಿನಲ್ಲಿ ಬರೆದ ಹಳೆಯವೇ. ಮಂಜುಶ್ರೀಯ ಆಜ್ಞೆ ಅಲ್ಲಿ "ಮೇಲೇಳು" ಸಾಲುಗಳನ್ನು ಕೊನೆಯವರೆಗೆ ಅಳಿಸುವಾಗ ಮೊದಲನೆಯ ಗುರುತನ್ನೂ ನುಂಗಿತು. ಉಳಿದ ಎರಡನೆಯದನ್ನು ಚಿರಂಜೀವಿಯ ಏರ್ಪಾಡು ಕಿತ್ತು ಬಿಸಾಡಿತು. ಮಿಷಿನ್ನಿಗೆ ತಲುಪುವಾಗ ಆ ಸಾಲುಗಳಿಗೆ ಕೊನೆಯೇ ಇರಲಿಲ್ಲ. ಮೇಲೇಳುವುದು, ಅಡ್ಡ ಹೋಗುವುದು, ಎರಡೂ ಸೇರಿ ಒಂದೇ ಸಾಲಾಗಿತ್ತು.

ಕಾಣದ ಗುರುತುಗಳನ್ನು ಕಾಣಿಸು ಎಂದು ಹೇಳದ ಹೊರತು, ಎರಡು ಥರದ ಸಾಲುಗಳೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಅವಳು ಭರಮಪ್ಪನಿಗೆ ಬೆರಳಿಟ್ಟು ತೋರಿಸಿದ್ದು ಅದನ್ನೇ.

ಅವಳು ಕೆಳಗಿಳಿದು ಬಂದಳು. ಊಟದ ಹೊತ್ತು, ಮಿಷಿನ್ ಹತ್ತಿರ ಯಾರೂ ಇರಲಿಲ್ಲ. ಹಿಡಿಕೆ ತೆಗೆದು, ಮೇಜು ಖಾಲಿ ಮಾಡಿ, ಟೂಲನ್ನು ಗಾಳಿಯಲ್ಲೇ ಇಟ್ಟು, ಅದೇ ಪ್ರೋಗ್ರಾಂ ಹರಿಯಬಿಟ್ಟಳು. ಮಿಷಿನ್ನಿನ ಪುಟ್ಟ ಪರದೆಯ ಮೇಲೆ ಎರಡು ಸಾಲು ಒಂದಾಗಿ ಅಂಟಿಕೊಂಡು ಬಂತು. ಹಸಿರು ಗುಂಡಿ ಒಂದು ಸಲ ಒತ್ತಿದಳು. ಟೂಲು ಏಳುತ್ತ ಏಳುತ್ತಲೇ ಅಡ್ಡ ಹೋಯಿತು. ಭರಮಪ್ಪ ಹೇಳಿದ ಹಾಗೆಯೇ, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದೆ. ಮಂಜುಶ್ರೀಗೆ ನಿಂತಲ್ಲೇ ಅಳು ಬಂತು. ಮಿಷಿನ್ನಿನ ಬಾಗಿಲು ಹಿಡಿದುಕೊಂಡು ಅತ್ತಳು.

ವಿಶ್ವನಾಥರಿಗೆ ಅವಳು ಎರಡು ಸಲ ಹೇಳಬೇಕಾಗಲಿಲ್ಲ. ಮಿಷಿನ್ ಹತ್ತಿರ ಬಂದರು, ತಾವೇ ಗುಂಡಿ ಒತ್ತಿ ನೋಡಿದರು, ಪಕ್ಕದ ಸ್ಟೂಲಿನ ಮೇಲೆ ಕೂತರು.

"ಅಯ್ಯೋ ದೇವರೇ," ಎಂದರು. "ಆ ನನ್ಮಗ ಅವತ್ತಿಂದ ನಿಜಾನೇ ಹೇಳ್ತಿದ್ನಲ್ಲಮ್ಮ."

"ವಾಪಸ್ ಕರೆಸೋಣ ಸಾರ್. ನಾನೇ ಹೋಗಿ ಕರ್ಕೊಂಡು ಬರ್ತೀನಿ."

ವಿಶ್ವನಾಥ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೆಟ್ಟ ಮನುಷ್ಯರೇನಲ್ಲ, ಕೆಟ್ಟವರಾಗಿದ್ದರೆ ಮಂಜುಶ್ರೀಗೆ ಎಷ್ಟೋ ಸುಲಭವಾಗುತ್ತಿತ್ತು. ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

"ವಿಮೆಯವರು ಕೊಟ್ಟಿರೋದು ಆಪರೇಟರ್ ಕೈತಪ್ಪು ಅಂತ ಕಣಮ್ಮ," ಎಂದರು ಕೊನೆಗೆ. "ಪ್ರೋಗ್ರಾಂ ನಾವೇ ತಿದ್ದಿ ಕೆಡಿಸ್ಕೊಂಡಿದ್ವಿ ಅಂತ ಗೊತ್ತಾದ್ರೆ ಕೊಟ್ಟಿದ್ದನ್ನ ವಾಪಸ್ ಕೇಳ್ತಾರೆ. ಎಲ್ಲಿಂದ ತರ್ಲಿ? ಶೆಡ್ಡು ಮುಚ್ಬೇಕು. ಇಲ್ಲಿರೋ ಅಷ್ಟೂ ಜನ ಮನೆಗೆ ಹೋಗ್ತಾರೆ."

"ಕಾರಣ ಹೇಳೋದು ಬೇಡ ಸಾರ್. ಸುಮ್ನೆ ಕೆಲ್ಸಕ್ಕೆ ತಗೊಳ್ಳಿ."

"ಹೇಗಮ್ಮ ತಗೊಳ್ಲಿ? ಅಜಾಗರೂಕತೆ ಅಂತ ಬಿಡಿಸಿದೀನಿ, ಅದು ಅವರ ಫೈಲಲ್ಲಿದೆ. ಅದೇ ಮನುಷ್ಯ ಅದೇ ಮಿಷಿನ್ ಮುಂದೆ ನಿಂತಿದ್ರೆ ಮುಂದಿನ ತಪಾಸಣೆಗೆ ಬಂದವರು ಏನಂತಾರೆ? ಬೇರೆ ಯಾವ್ದಾದ್ರೂ ಇದ್ರೆ ಹೇಳು, ಮಾಡ್ತೀನಿ. ಇದೊಂದು ಆಗಲ್ಲ." ಸ್ಟೂಲಿನಿಂದ ಏಳುತ್ತ, "ಅವನಿಗೆ ಹೇಳಿ ಏನು ಉಪಯೋಗ, ಹೊಟ್ಟೆ ಉರಿಸೋದು ಬಿಟ್ಟು," ಎಂದರು.

ಮಂಜುಶ್ರೀ ತಾನೇ ವಿಮೆಯವರಿಗೆ ಬರೆದುಬಿಡಲೇ ಎಂದು ಯೋಚಿಸಿದಳು. ಬರೆದರೆ ಭರಮಪ್ಪನ ಹೆಸರು ಉಳಿಯುತ್ತದೆ, ಆದರೆ ಅವನು ವಾಪಸು ಬರಲು ಶೆಡ್ಡೇ ಇರುವುದಿಲ್ಲ. ಕೆಳಗೆ ಡ್ರಿಲ್ಲಿಂಗ್ ಮಾಡುವ ಶಾಂಭವಿ ಮೊನ್ನೆ ತಾನೇ ಮಗಳನ್ನು ಕಾಲೇಜಿಗೆ ಸೇರಿಸಿದ್ದಳು, ಅವಳ ಮುಖ ಕಣ್ಮುಂದೆ ಬಂತು. ತನ್ನ ಕೆಲಸ ಹೋದೀತೆಂಬ ಭಯವೂ ಇತ್ತು, ಇಲ್ಲವೆಂದು ಸುಳ್ಳೇಕೆ ಹೇಳಲಿ. ಬೇರೆ ಶೆಡ್ಡುಗಳಿಗೆ ಫೋನ್ ಮಾಡಿ ಒಳ್ಳೆಯ ಆಪರೇಟರ್ ಇದ್ದಾರೆ, ತಗೊಳ್ಳಿ ಎಂದಳು. ಹೆಸರು ಕೇಳಿದ ಕೂಡಲೇ ಅವರೇ ನಕ್ಕು, ಅದೇ ಸ್ಪಿಂಡಲ್ ಒಡೆದವನಾ ಮೇಡಂ, ಎಂದರು. ಅವನು ಒಡೆದಿಲ್ಲ ಎಂದರೆ ಮತ್ಯಾರು ಒಡೆದರು ಎಂದು ಹೇಳಬೇಕಾಗುತ್ತದೆ. ಹೇಳುವ ಹಾಗಿಲ್ಲ. ಅವಳು ಎತ್ತ ಕೈಯಿಟ್ಟರೂ ಗೋಡೆಯೇ ಸಿಕ್ಕಿತು.

ಮಾಡಿದ್ದು ಒಂದೇ ಕೆಲಸ, ಚಿರಂಜೀವಿಯ ಆ ಏರ್ಪಾಡನ್ನು ತೆಗೆದು, ಎಲ್ಲ ಪ್ರೋಗ್ರಾಂಗಳ ಎಲ್ಲ ಸಾಲುಗಳೂ ಒಂದೇ ಥರ ಮುಗಿಯುವಂತೆ ಸರಿಪಡಿಸಿದ್ದು. ಅರ್ಧ ಗಂಟೆಯ ಕೆಲಸ. ಅಷ್ಟು ಸುಲಭವಾಗಿ ಸರಿಹೋಯಿತಲ್ಲ ಎಂದು ಅವಳಿಗೆ ಇನ್ನಷ್ಟು ಸಂಕಟವಾಯಿತು.

ಮನೆಯಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ದೇವರಾಜ್ ಉದ್ದಕ್ಕೂ ಕೇಳಿ, "ನಮ್ಮ ಕಾಲದಲ್ಲಾಗಿದ್ರೆ ಯೂನಿಯನ್ನಿಗೆ ಹೋಗ್ತಿದ್ವಿ. ಇವರಿಗೆ ಯಾವ ಯೂನಿಯನ್ನು," ಎಂದರು. ಆಮೇಲೆ, "ಏನೂ ಮಾಡಕ್ಕಾಗದೇ ಇದ್ರೂ ಅವನ ಹತ್ರ ಹೋಗಿ ನಿಜ ಹೇಳು ಮಗಳೇ. ತಾನು ಕೆಲಸ ಕೆಡಿಸಿದೆ ಅಂದ್ಕೊಂಡೇ ಇರೋದು ಬೇಡ. ಕೆಲಸಗಾರನಿಗೆ ಅದಕ್ಕಿಂತ ದೊಡ್ಡ ಹಿಂಸೆ ಇಲ್ಲ," ಎಂದರು. ಅವಳಿಗೂ ಅದು ಸರಿಯೆನಿಸಿತು. ಕೊಡಲು ಬೇರೇನೂ ಇಲ್ಲದಿದ್ದರೂ ನಿಜವನ್ನಾದರೂ ಕೊಟ್ಟು ಬರೋಣ ಎಂದುಕೊಂಡಳು.

ಭಾನುವಾರ ಮೆಟ್ರೊ ಹತ್ತಿ, ಇನ್ನೊಂದು ಮೆಟ್ರೊಗೆ ಬದಲಿಸಿ, ಬೊಮ್ಮಸಂದ್ರದಲ್ಲಿ ಇಳಿದು ಆಟೋದಲ್ಲಿ ಚಂದಾಪುರ ಸೇರಿದಳು. ಸಾಲಾಗಿ ಕಟ್ಟಿದ ಕೋಣೆಗಳ ಪೈಕಿ ಒಂದರ ಮುಂದೆ ದುರ್ಗವ್ವ ಬಟ್ಟೆ ಒಣಹಾಕುತ್ತಿದ್ದಳು. ಇವಳನ್ನು ಕಂಡು ಕೈಲಿದ್ದದ್ದನ್ನು ಬಿಟ್ಟು ಒಳಗೆ ಓಡಿ, "ಮ್ಯಾಡಮ್ಮಾರು ಬಂದಾರ, ಏಳ್ರಿ," ಎಂದಳು. ಚಾಪೆ ಹಾಸಿದರು. ಚಹಾ ಬಂತು. ಭರಮಪ್ಪ ಗೋಡೌನ್ ಒಂದರಲ್ಲಿ ಡಬ್ಬ ಹೊತ್ತು ಲಾರಿಗೆ ತುಂಬುವ ಕೆಲಸಕ್ಕೆ ಸೇರಿದ್ದ. ಬೆನ್ನು ಹಿಡಿದುಕೊಂಡಿತ್ತು, ಗೋಡೆಗೆ ಒರಗಿ ಕೂತಿದ್ದ. ಟಿವಿ ಆರಿಸಲು ರಿಮೋಟ್ ತೆಗೆದುಕೊಂಡು, ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ, ಬೆರಳನ್ನು ಪೂರ್ತಿ ಮೇಲೆತ್ತಿ, ಉಸಿರು ಬಿಟ್ಟ.

"ನೋಡ್ರಿ ಮ್ಯಾಡಮ್," ಎಂದಳು ದುರ್ಗವ್ವ ನಗುತ್ತ. "ಒಂದ್ ಟಿವಿ ಬಂದ್ ಮಾಡಾಕ ಇಷ್ಟು ಹೊತ್ತು. ಲಿಫ್ಟಿನ್ಯಾಗೂ ಹಿಂಗ, ಫೋನಿನ್ಯಾಗೂ ಹಿಂಗ. ಬೆರಳು ಪಳಗಿಸಾಕತ್ತಾರಂತ."

ಭರಮಪ್ಪ ನಾಚಿಕೊಂಡು ನಕ್ಕ. ಮಂಜುಶ್ರೀ ಚಹಾ ಲೋಟ ಕೆಳಗಿಟ್ಟಳು. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಅಣ್ಣ, ನೀವು ಅವತ್ತು ಒಂದೇ ಸಲ ಒತ್ತಿದ್ರಿ," ಎಂದಳು.

ಅವನು ಅರ್ಥವಾಗದವನಂತೆ ನೋಡಿದ. ಅವಳು ಹೇಳಿದಳು, ಸಾಲಿನ ಕೊನೆಯ ಗುರುತು, ತನ್ನ ಆಜ್ಞೆ, ಚಿರಂಜೀವಿಯ ಏರ್ಪಾಡು, ಎರಡು ಸಾಲು ಒಂದಾಗಿ ಅಂಟಿಕೊಂಡದ್ದು, ತಾನೇ ಒತ್ತಿ ನೋಡಿದ್ದು. ಅವನು ಮುಂದೆ ಬಾಗಿ ಕೇಳುತ್ತ ಹೋದ.

"ಅಂದ್ರ ಏಳಕೋಂತನ ಅಡ್ಡ ಹೋತು?"

"ಹೌದಣ್ಣ. ನೀವು ಹೇಳಿದ ಹಾಗೇ."

"ಒಂದ ಸಲ ಒತ್ತಿದ್ದಕ್ಕ?"

"ಒಂದೇ ಸಲಕ್ಕೆ."

ಭರಮಪ್ಪ ಹೆಂಡತಿಯ ಕಡೆ ತಿರುಗಿ, "ಕೇಳಿದಿ? ಒಂದ ಸಲಂತ," ಎಂದ. ಅವನ ಮುಖ ಅರಳಿತು. ಮಂಜುಶ್ರೀ ಅದಕ್ಕಾಗಿಯೇ ಬಂದಿದ್ದಳು, ಅಪ್ಪ ಹೇಳಿದ್ದು ಸರಿ ಎಂದು ಅವಳಿಗೂ ಒಂದು ಗಳಿಗೆ ಜೀವ ಹಗುರಾಯಿತು.

"ಹಂಗಾದ್ರ ಯಾವತ್ತಿಂದ ಬರಬೇಕ್ರಿ ಕೆಲಸಕ್ಕ?" ಎಂದು ಕೇಳಿದಳು ದುರ್ಗವ್ವ.

ಮಂಜುಶ್ರೀ ತಲೆ ತಗ್ಗಿಸಿದಳು. ವಿಮೆಯ ಸಂಗತಿ ಹೇಳಿದಳು. ಹೇಳುತ್ತ ಹೇಳುತ್ತ ಅದು ತನ್ನ ಕಿವಿಗೇ ನೆವದಂತೆ ಕೇಳಿಸಿತು.

"ಸಾಹೇಬ್ರಿಗೆ ಗೊತ್ತೈತೇನ್ರಿ ಇದು?" ಎಂದ ಭರಮಪ್ಪ.

"ಗೊತ್ತು. ಅವರೇ ಒತ್ತಿ ನೋಡಿದ್ರು."

"ಗೊತ್ತಿದ್ದೂ ಬ್ಯಾಡಂದ್ರ?"

ಅವಳು ಹೂಂ ಎಂದಳು. ದುರ್ಗವ್ವ ಎದ್ದು ಚಹಾ ಲೋಟಗಳನ್ನು ತೆಗೆದುಕೊಂಡು ಒಲೆಯ ಹತ್ತಿರ ಹೋದಳು. ಭರಮಪ್ಪ ಹೆಬ್ಬೆರಳನ್ನೇ ನೋಡುತ್ತಿದ್ದ. ಅರಳಿದ ಮುಖ ಅಷ್ಟರಲ್ಲಿ ಬಾಡಿಹೋಗಿತ್ತು.

"ಆಯುಧಪೂಜಿಗೆ ಬರೂನಂತ ಮಾಡಿದ್ದೆ ಮ್ಯಾಡಮ್ಮಾರ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತು ಸಾಹೇಬ್ರ ಮನಸ್ಸು ಮೆತ್ತಗ ಇರತೈತಿ. ಮಿಷಿನ್ನಿಗೆ ಕಾಯಿ ಒಡದು, 'ಸಾಹೇಬ್ರ, ತಪ್ಪಾತ್ರಿ, ಕೈ ತಿದ್ದಿಕೊಂಡೀನ್ರಿ, ಒಂದ ಸಲ ನೋಡ್ರಿ' ಅಂತ ಕಾಲಿಗೆ ಬಿದ್ರ ಇಲ್ಲ ಅನ್ನಂಗಿಲ್ಲ ಅಂತ ಇಷ್ಟ ದಿನ ಧೈರ್ಯ ಮಾಡ್ಕೊಂಡಿದ್ದೆ. ಈಗ ತಪ್ಪ ಇಲ್ಲ ಅಂತೀರಿ. ಏನಂತ ಬೀಳ್ಲಿ ಅವ್ರ ಕಾಲಿಗೆ?"